ಕೂತ ಹೆಣದ ಕುತ್ತಿಗೆ

ಕಲಬುರಗಿಯಲ್ಲಿ ಒಂದು ವರ್ಷದ ನಾಟಕದ ಕೋರ್ಸಿಗೆ ಸೇರಿದ ಮೊದಲ ತಿಂಗಳೇ ನಾನು ನಗೆಪಾಟಲಿಗೆ ಈಡಾದೆ. ಖೂಬಾ ಪ್ಲಾಟ್ ಬಡಾವಣೆಯ ಒಂದು ಮನೆಯ ಮಾಳಿಗೆ ಮೇಲೆ ಬಾಡಿಗೆ ಕೋಣೆ, ಶನಿವಾರ ಬಂತೆಂದರೆ ಊರಿಗೆ ಕಮಲಾಪುರದ ಬಸ್ಸು. ನಟನೆ ಕಲಿಸುತ್ತಾರೆ ಅಂತ ಬಂದರೆ ಬೆಳಿಗ್ಗೆ ಬೆಳಿಗ್ಗೆ ನೆಲದ ಮೇಲೆ ಮಲಗಿಸುತ್ತಿದ್ದರು. ಕಾಲ್ಬೆರಳಿನಿಂದ ಹಿಡಿದು ಒಂದೊಂದೇ ಅಂಗದ ಕಡೆ ಗಮನ ಕೊಡಬೇಕು, ಎಲ್ಲಿ ಬಿಗಿ ಇದೆ ಅಂತ ಹುಡುಕಬೇಕು, ಉಸಿರು ಬಿಡುತ್ತ ಅದನ್ನೂ ಬಿಡಬೇಕು. ನಮ್ಮ ಮನೆಯಲ್ಲಿ ಇದಕ್ಕೆ ಮೈಗಳ್ಳತನ ಅನ್ನುತ್ತಾರೆ.

ಕಲಿಸುವ ಮೇಡಂ ಮೈಸೂರು ಕಡೆಯವರು. ಒಂದು ದಿನ, "ಈಗ ನೀವೆಲ್ಲ ಹೆಣ. ಹೆಣ ಏನನ್ನೂ ಹಿಡಿದುಕೊಂಡಿರೋದಿಲ್ಲ. ಪೂರ್ತಿ ಬಿಟ್ಟುಬಿಡಿ" ಅಂದರು. ಎಲ್ಲರೂ ಮಲಗಿದಲ್ಲೇ ಇನ್ನಷ್ಟು ಸಡಿಲಾದರು. ನಾನೊಬ್ಬಳು ಎದ್ದು ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ ಕೂತೆ.

"ಯಾಕಮ್ಮ ಎದ್ದುಬಿಟ್ಟೆ?"

"ಹೆಣ ಆಗೀನ್ರಿ ಮೇಡಂ."

"ಹೆಣ ಮಲಗಿರುತ್ತಲ್ವಾ?"

"ನಮ್ಮಲ್ಲಿ ಮಲಗಸಂಗಿಲ್ರಿ. ಕುಂದರಸ್ತಾರ."

ಹಾಲ್ ತುಂಬ ನಗು. ನಾನೇನೂ ತಮಾಷೆ ಮಾಡಿರಲಿಲ್ಲ. ನಮ್ಮ ಲಿಂಗಾಯತರ ಮನೆಗಳಲ್ಲಿ ಸತ್ತವರಿಗೆ ಜಳಕ ಮಾಡಿಸಿ, ವಿಭೂತಿ ಬಳಿದು, ಗೋಡೆಗೆ ಆನಿಸಿ ಕೂಡಿಸುತ್ತಾರೆ. ತಲೆ ವಾಲಬಾರದೆಂದು ಒಂದು ಅರಿವೆಯಿಂದ ಕಟ್ಟಿ ಗೋಡೆಯ ಮೊಳೆಗೆ ಬಿಗಿಯುತ್ತಾರೆ. ಮುಂದೆ ಭಜನೆ ನಡೆಯುತ್ತದೆ. ಮಣ್ಣು ಮಾಡುವುದೂ ಕೂತ ಹಾಗೆಯೇ. ನಾನು ಹುಟ್ಟಿದಾಗಿನಿಂದ ಕಂಡ ಹೆಣಗಳೆಲ್ಲ ಕೂತವೇ. ಹೆಣ ಆಗು ಅಂದರೆ ಇನ್ನೇನು ಮಾಡಲಿ?

ಮೇಡಂ ಮಾತ್ರ ನಗಲಿಲ್ಲ. ಅವರಿಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ವರ್ಷದ ಕೊನೆಯ ಪ್ರಯೋಗಕ್ಕೆ ಅದರಿಂದಲೇ ಒಂದು ಸಣ್ಣ ನಾಟಕ ಕಟ್ಟಿದರು. ಸತ್ತ ತಾಯಿಯನ್ನು ಗೋಡೆಗೆ ಕೂಡಿಸಿದ್ದಾರೆ, ತಲೆ ಇನ್ನೂ ಕಟ್ಟಿಲ್ಲ, ಸೊಸೆ ಹಿಡಿದುಕೊಂಡಿದ್ದಾಳೆ. ಯಾವ ಹೊಲದಲ್ಲಿ ಮಣ್ಣು ಮಾಡಬೇಕು ಅಂತ ಮಕ್ಕಳಲ್ಲಿ ಜಗಳ ಹತ್ತುತ್ತದೆ. ಸೊಸೆಯೂ ತಡೆಯಲಾರದೆ ಜಗಳಕ್ಕೆ ಎದ್ದು ಹೋಗುತ್ತಾಳೆ. ತಲೆ ಎದೆಯ ಮೇಲೆ ಬೀಳುತ್ತದೆ. ಆ ಗದ್ದಲದಲ್ಲಿ ಯಾರೂ ಅದನ್ನು ನೋಡುವುದಿಲ್ಲ. ಅಷ್ಟೇ ನಾಟಕ. ತಾಯಿಯ ಪಾತ್ರ ನನಗೆ ಕೊಟ್ಟರು.

ಸೊಸೆಯಾದವಳು ಕಲಬುರಗಿಯ ರೋಜಾ ಓಣಿಯ ಗೆಳತಿ. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ, ಬೈಯುವಾಗ ಎರಡೂ. ಅವಳು ಎರಡೂ ಅಂಗೈಗಳಲ್ಲಿ ನನ್ನ ತಲೆ ಹಿಡಿದು, ಸುಳಿವು ಕೊಡದೆ ಕೈ ತೆಗೆಯಬೇಕು. ತಲೆಯ ಭಾರ ನಿಜವಾಗಿ ಅವಳಿಗೆ ಕೊಟ್ಟಿದ್ದರೆ ಅದು ತಾನೇ ಬೀಳುತ್ತದೆ. ಅವಳು ಕೈ ತೆಗೆಯುತ್ತಿದ್ದಳು. ತಲೆ ನೆಟ್ಟಗೆ ಅಲ್ಲೇ ಇರುತ್ತಿತ್ತು.

"ಅರೇ, ಸತ್ತಾಕಿಗಿ ತಲಿ ಯಾಕ ಬೇಕವಾ? ನನಗ ಕೊಟ್ಟಬಿಡು" ಅನ್ನುತ್ತಿದ್ದಳು.

ಕೊಟ್ಟೆ ಅಂದುಕೊಳ್ಳುತ್ತಿದ್ದೆ. ಕೈ ತೆಗೆದರೆ ಮತ್ತೆ ಅದೇ. ಬೇಕಂತಲೇ ತಲೆ ಬೀಳಿಸಿದರೆ ಮೇಡಂಗೆ ತಕ್ಷಣ ಗೊತ್ತಾಗುತ್ತಿತ್ತು. "ನೀನು ಬೀಳಿಸಿದೆ, ಅದು ಬೀಳಲಿಲ್ಲ" ಅನ್ನುತ್ತಿದ್ದರು. ಬಿಸಿ ಎಣ್ಣೆ ಹಚ್ಚಿ ನೋಡಿದೆ, ದಿಂಬಿಲ್ಲದೆ ಮಲಗಿ ನೋಡಿದೆ, ಉಸಿರು ಎಣಿಸಿ ನೋಡಿದೆ. ಬಿಡು ಅಂದಷ್ಟೂ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ನನ್ನ ಜೊತೆಯವನೊಬ್ಬ ಮಲಗಿದಲ್ಲೇ ಗೊರಕೆ ಹೊಡೆದು ಶಹಬ್ಬಾಸ್ ಅನ್ನಿಸಿಕೊಂಡಿದ್ದ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸ್ವಂತ ಮೈ, ನನ್ನದೇ ಕುತ್ತಿಗೆ, ನನ್ನ ಮಾತೇ ಕೇಳುವುದಿಲ್ಲ ಅಂದರೆ ಯಾರ ಮೇಲೆ ಹರಿಹಾಯಬೇಕು? ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಪ್ರಯೋಗ ಹತ್ತಿರ ಬಂದಾಗ ಮೇಡಂ ಮೆಲ್ಲಗೆ ಹೇಳಿದರು: "ಆಗಲಿಲ್ಲ ಅಂದ್ರೆ ಬಟ್ಟೆಯ ಗೊಂಬೆ ಕೂರಿಸೋಣ. ಬೇಜಾರು ಮಾಡಿಕೋಬೇಡ." ಒಂದು ವರ್ಷ ನಟನೆ ಕಲಿತು ನಾನು ಹಳೆ ಬಟ್ಟೆಯ ಗಂಟಿಗಿಂತ ಕಡೆಯಾದೆ. ಆಮೇಲೆ ಅವರು, ಕುತ್ತಿಗೆ ಬಿಡಲು ಹೋದಾಗ ಏನು ನೆನಪಾಗುತ್ತದೆ ಅಂತ ಕೇಳಿದರು. ಗೆಳತಿಯೂ ಅಲ್ಲೇ ಕೂತಿದ್ದಳು. ನಾನು ಯಾರಿಗೂ ಹೇಳದ್ದನ್ನು ಹೇಳಿದೆ.

ಕೋರ್ಸಿಗೆ ಸೇರುವ ಹಿಂದಿನ ವರ್ಷ ಅವ್ವ ಕಲಬುರಗಿಯ ದವಾಖಾನೆಯಲ್ಲಿ ತೀರಿಕೊಂಡಳು. ಕಮಲಾಪುರಕ್ಕೆ ತಂದು ಪಡಸಾಲೆಯಲ್ಲಿ ಕೂಡಿಸಿದರು. ಹಳೆಯ ಗೋಡೆ, ಗಾರೆ ಉದುರಿ ಮೊಳೆ ಕಿತ್ತುಬಂತು. ಅವ್ವನ ತಲೆ ಮುಂದಕ್ಕೆ ವಾಲಿತು. "ತಲಿ ಹಿಡೀರಿ, ತಲಿ ಹಿಡೀರಿ" ಅಂತ ಯಾರೋ ಕೂಗಿದರು. ಅಪ್ಪ ಹೊರಗೆ ಕಟ್ಟೆಯ ಹತ್ತಿರ ನಿಂತಿದ್ದ, ಒಳಗೆ ಬರಲಿಲ್ಲ. ನಾನೇ ಪಕ್ಕದಲ್ಲಿ ಕೂತು ಹಿಡಿದೆ. ಬಳಗದವರು ಬರುವ ತನಕ, ಭಜನೆ ಮುಗಿಯುವ ತನಕ ಹಿಡಿದೇ ಇದ್ದೆ. ಕೈ ಸೋತು ಹೋದಾಗ ನನ್ನ ತಲೆಯನ್ನೇ ಅವಳ ತಲೆಗೆ ಆನಿಸಿ, ಕುತ್ತಿಗೆ ಬಿಗಿಹಿಡಿದು ತಡೆದೆ. ಅಪ್ಪ ಯಾಕೆ ಬರಲಿಲ್ಲ ಅಂತ ನಾನು ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಅವನ ಮೇಲೆ ಸಿಟ್ಟಿತ್ತು.

ಗೆಳತಿ ಕಣ್ಣೊರೆಸಿಕೊಂಡು, "ಆತಲ್ಲ, ಈಗ ಗೊತ್ತಾತು. ಇನ್ನ ತಾನೇ ಬಿಡ್ತದ" ಅಂದಳು. ನನಗೂ ಹಾಗೇ ಅನಿಸಿತು. ಮತ್ತೆ ತಲೆ ಹಿಡಿದು ಕೈ ತೆಗೆದಳು. ತಲೆ ಇದ್ದಲ್ಲೇ ಇತ್ತು.

ಆ ಶನಿವಾರ ಊರಿಗೆ ಹೋದಾಗ ನಾಟಕದ ವಿಷಯ ಅಪ್ಪನಿಗೆ ತಿಳಿಸಿದೆ.

"ಏನ್ ಪಾರ್ಟು ನಿಂದು?"

"ಸತ್ತ ತಾಯೀದು. ಮಾತಿಲ್ಲ. ಕೂತಿರ್ತೀನಿ."

ಅಪ್ಪ ಮೊಣಕಾಲು ತಿಕ್ಕಿಕೊಂಡ. "ಹಂಗಾರ ಬಾಯಿಪಾಠದ ತ್ರಾಸ ಇಲ್ಲ ಬಿಡು. ಬರ್ತೀನಿ" ಅಂದ. ಬರಬೇಡ ಅನ್ನಬೇಕೆಂದಿದ್ದೆ. ಬಾಯಿ ಬರಲಿಲ್ಲ.

ಪ್ರಯೋಗದ ದಿನ ಮೇಡಂಗೆಂದು ಒಂದು ಚೀಲ ಕೆಂಪು ಬಾಳೆಹಣ್ಣು ಹಿಡಿದುಕೊಂಡು ಬಂದ. ನಮ್ಮದು ರಂಗಮಂಚವಲ್ಲ, ಅಭ್ಯಾಸದ ಹಾಲ್. ಜನ ಜಮಖಾನೆಯ ಮೇಲೆ, ಮೊಣಕಾಲು ನೋವಿನ ಅಪ್ಪನಿಗೆ ಮುಂದೆಯೇ ಒಂದು ಪ್ಲಾಸ್ಟಿಕ್ ಕುರ್ಚಿ. ಗೊಂಬೆಯನ್ನೂ ತಯಾರು ಮಾಡಿ ಪರದೆಯ ಹಿಂದೆ ಇಟ್ಟಿದ್ದರು. ಕೊನೆಗಳಿಗೆಯಲ್ಲಿ ಮೇಡಂ ನನ್ನ ಮುಖ ನೋಡಿ, "ಹೋಗು, ನೀನೇ ಕೂತ್ಕೋ" ಅಂದರು. ಹಣೆಗೆ ವಿಭೂತಿ, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು. ಗೋಡೆಗೆ ಆನಿಕೊಂಡು ಕಣ್ಣು ಮುಚ್ಚಿದೆ.

ಭಜನೆ ಶುರುವಾಯಿತು. ಗೆಳತಿಯ ಅಂಗೈ ಬೆಚ್ಚಗಿತ್ತು. ಜಗಳ ಹತ್ತಿತು, ಏರಿತು. ಅವಳು ಕೈ ತೆಗೆದು ಎದ್ದಳು. ಎಂದಿನಂತೆ ತಲೆ ನೆಟ್ಟಗೆ ನಿಂತೇಬಿಡುತ್ತದೆ, ಎಲ್ಲರೆದುರಿಗೆ ಮಾನ ಹೋಯಿತು ಅಂದುಕೊಂಡೆ. ತಲೆ ಬಿತ್ತು. ನಾನು ಏನೂ ಮಾಡಿರಲಿಲ್ಲ. ಗದ್ದ ಎದೆಗೆ ಬಡಿಯಿತು, ಹೆಗಲು ಇಳಿದು ಹೋಯಿತು.

ಕುರ್ಚಿ ಸರಿದ ಸದ್ದಾಯಿತು.

"ಏ, ತಲಿ ಬಿತ್ತು. ಯಾರರ ಹಿಡೀರಿ!"

ಅಪ್ಪನ ದನಿ. ಯಾರೂ ಹಿಡಿಯಲಿಲ್ಲ. ಏನೇ ಆದರೂ ತಿರುಗಿ ನೋಡಬಾರದು ಅಂತಲೇ ಜಗಳದವರಿಗೆ ಕಲಿಸಿದ್ದರು, ಅವರು ಜಗಳ ಮುಂದುವರಿಸಿದರು. ಕುಂಟುತ್ತ ಬರುವ ಹೆಜ್ಜೆ ಕೇಳಿಸಿತು. ಅಪ್ಪ ನನ್ನ ಪಕ್ಕದಲ್ಲಿ ಕುಸಿದು ಕೂತು, ಗದ್ದದ ಕೆಳಗೊಂದು, ಹಿಂದಲೆಗೊಂದು ಕೈ ಕೊಟ್ಟು ತಲೆ ಎತ್ತಿದ.

"ಹಿಡದೀನಿ. ಹಿಡದೀನಿ."

ಜಗಳದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅಪ್ಪಾ, ನಾ ಜೀವಂತ ಅದೀನಿ ಅನ್ನಬೇಕು. ಅನ್ನಲಾಗದಿದ್ದರೆ ತಲೆಯನ್ನಾದರೂ ತುಸು ಎತ್ತಬೇಕು, ಅವನಿಗೆ ಗೊತ್ತಾಗುತ್ತದೆ. ವರ್ಷವೆಲ್ಲ ಗೋಗರೆದರೂ ಬಿಡದಿದ್ದ ಕುತ್ತಿಗೆ, ಈಗ ಏಳು ಅಂದರೆ ಏಳಲೊಲ್ಲದು.

ಅಪ್ಪ ಬಾಗಿದ. ಅವನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

"ಅವತ್ತ ನನ್ನ ಕೈಲೆ ಆಗ್ಲಿಲ್ಲ" ಅಂದ. "ಒಳಗ ಬರ್ಲಿಕ್ಕೇ ಆಗ್ಲಿಲ್ಲ."

ನನಗೆ ಹೇಳಿದನೋ ಅವ್ವನಿಗೆ ಹೇಳಿದನೋ ತಿಳಿಯಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು, ತಲೆಯ ಭಾರವನ್ನೆಲ್ಲ ಅವನ ಕೈಯಲ್ಲಿ ಬಿಟ್ಟು ಕೂತಿದ್ದೆ. ಬೇರೆ ಏನೂ ನನ್ನಿಂದ ಆಗಲಿಲ್ಲ.