ಕೋಚನ್ನು ತೆಗೆಯಲು ಪ್ರಸಾದ ಕೇಳಿದ ಸಂಜೆ

ನನ್ನ ಮೊಮ್ಮಗಳು ಕಬಡ್ಡಿ ತಂಡಕ್ಕೆ ಕೋಚ್ ಆದಳು. ಹುಡುಗಿಯರ ತಂಡಕ್ಕಲ್ಲ, ಮೀಸೆ ತಿರುವುವ ಗಂಡಸರ ತಂಡಕ್ಕೆ. ಅಂಕೋಲೆಯ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವವಳು ನಾನು. ಅವತ್ತಿನಿಂದ ಸಂತೋಷ ಹೊಟ್ಟೆಯೊಳಗೆ ನಿಲ್ಲುತ್ತಲೇ ಇಲ್ಲ. ಬಂಗಡೆ ಕೊಳ್ಳಲು ಬಂದವರಿಗೆ ಮೊದಲು ಮೊಮ್ಮಗಳ ಸುದ್ದಿ, ಆಮೇಲೆ ಮೀನು. ಅವಸರದವರು ಪಕ್ಕದವಳ ಬುಟ್ಟಿಗೆ ಹೋದರು. ಹೋಗಲಿ.

ನಮ್ಮ ಕಡೆ ಈಗ ಯಾವ ಆಟವನ್ನೂ ಸುಮ್ಮನೆ ಆಡುವುದಿಲ್ಲ. ಲೀಗ್ ಮಾಡುತ್ತಾರೆ. ಬಂದರಿನಲ್ಲಿ ಮೀನು ಕೂಗಿದ ಹಾಗೆ ಆಟಗಾರರನ್ನು ಹರಾಜು ಕೂಗುತ್ತಾರೆ. ನಾವಾದರೆ ಕಿವಿರು ಎತ್ತಿ ನೋಡಿ ಕೊಳ್ಳುತ್ತೇವೆ, ಇವರು ಅದನ್ನೂ ನೋಡುವುದಿಲ್ಲ. ನಮ್ಮ ತಂಡಕ್ಕೆ ಮೂವರು ಮಾಲೀಕರು. ಒಬ್ಬ ದೊಡ್ಡ ಬೋಟಿನ ಯಜಮಾನ. ಮೀನು ಸಿಗದ ಒಂದು ವರ್ಷ ಮೂರು ಸಲ ತಾಂಡೇಲನನ್ನು, ಅಂದರೆ ಬೋಟು ನಡೆಸುವವನನ್ನು, ಬದಲಿಸಿದವನು. ಸಮುದ್ರವನ್ನು ಬದಲಿಸಲು ಆಗುವುದಿಲ್ಲವಲ್ಲ. ಇನ್ನೊಬ್ಬನದು ಮೀನೂಟದ ಹೋಟೆಲು. ಮೂರನೆಯವನು ಟಿಪ್ಪರ್ ಲಾರಿಗಳವನು. ಇವನ ಅಕ್ಕನ ಮಗ ನಮ್ಮ ತಂಡದ ರೈಡರ್. ಎದುರಾಳಿಯ ಅಂಕಣಕ್ಕೆ ನುಗ್ಗಿ, ಮುಟ್ಟಿ, ವಾಪಸು ಬರುವುದು ರೈಡರನ ಕೆಲಸ. ಈತ ನುಗ್ಗುತ್ತಿದ್ದ, ಮುಟ್ಟುತ್ತಲೂ ಇದ್ದ. ವಾಪಸು ಬರುವುದೊಂದು ಕಲಿತಿರಲಿಲ್ಲ.

ಬಸ್ ಸ್ಟ್ಯಾಂಡಿನ ಎದುರು ಬ್ಯಾನರ್ ಕಟ್ಟಿದರು. ಮಾಲೀಕರ ಮುಖ ಬಾಗಿಲಿನಷ್ಟು, ಆಟಗಾರರದು ಕಿಟಕಿಯಷ್ಟು, ಕೋಚಿನದು ತೆಂಗಿನಕಾಯಿಯಷ್ಟು. ಆದರೂ ನನ್ನ ದಾರಿ ಆ ಕಡೆ ಇರದಿದ್ದರೂ ದಿನಾ ಬುಟ್ಟಿ ಹೊತ್ತು ಅದರ ಕೆಳಗೇ ಹಾದುಹೋದೆ.

ಈ ಕೆಲಸಕ್ಕಾಗಿ ಅವಳು ಮಲ್ಲಾಪುರದ ಒಂದು ಶಾಲೆಯಲ್ಲಿ ಆಟದ ಟೀಚರ್ ಕೆಲಸ ಬಿಟ್ಟು ಬಂದಿದ್ದಳು. ಆ ಜಾಗಕ್ಕೆ ಬೇರೆಯವಳು ಬಂದೂ ಆಗಿತ್ತು. ಇಲ್ಲಿಂದ ತೆಗೆದರೆ ಮನೆಯಲ್ಲಿ ಕೂರಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ‘ಹೆಂಗಸನ್ನು ಕೋಚ್ ಮಾಡಿ ನೋಡಿದೆವು, ಆಗಲಿಲ್ಲ’ ಎನ್ನುವ ಮಾತು ಕಾರವಾರದವರೆಗೆ ಹರಡುತ್ತಿತ್ತು. ಆಮೇಲೆ ಅವಳನ್ನು ಯಾವ ತಂಡದವರೂ ಕರೆಯುವುದಿಲ್ಲ. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಪಂದ್ಯಗಳು ಶುರುವಾಗುವ ಮೊದಲು ಟಿಪ್ಪರಿನವ ನನ್ನನ್ನು ಕಂಡರೆ, “ಅಮ್ಮಾ, ನೀವು ಮೇಡಂನವರ ಅಜ್ಜಿ ಅಲ್ಲವ್ರಾ?” ಎಂದು ಕೈ ಮುಗಿಯುತ್ತಿದ್ದ. ಮೊದಲ ಪಂದ್ಯ ಸೋತೆವು. “ಅಜ್ಜಿ, ಮೊಮ್ಮಗಳಿಗೆ ಸ್ವಲ್ಪ ಬುದ್ಧಿ ಹೇಳು,” ಎಂದ. ಎರಡನೆಯದನ್ನೂ ಸೋತೆವು. “ಏ ಮುದುಕಿ, ಎಲ್ಲಿ ಅದೆ ನಿನ್ನ ಮೊಮ್ಮಗಳು?” ಎಂದ. ಲೀಗಿನ ಪಟ್ಟಿಯಲ್ಲಿ ನಾವು ಎಲ್ಲಿದ್ದೇವೆ ಎಂದು ಪೇಪರು ನೋಡುವ ಕಷ್ಟ ನನಗೆ ಬರಲೇ ಇಲ್ಲ.

ಮೀನುಪೇಟೆಯಲ್ಲೂ ಎಲ್ಲರೂ ಕೋಚುಗಳೇ. ತಾರ್ಲೆಯೋ ಬಂಗಡೆಯೋ ಎಂದು ಹೆಂಡತಿಗೆ ಫೋನು ಮಾಡಿ ಕೇಳದೆ ಕೊಳ್ಳಲಾಗದ ಒಬ್ಬ ಮಾಸ್ತರು ಇದ್ದಾರೆ. ಅವರೂ ಬಂದು ಬುಟ್ಟಿಯ ಮುಂದೆ ಕುಕ್ಕರಿಸಿದರು.

“ಎಡಮೂಲೆ ಖಾಲಿ ಬಿಡ್ತದಲ್ಲೇ ನಿನ್ನ ಮೊಮ್ಮಗಳು. ಅಲ್ಲಿ ಗಟ್ಟಿ ಆಸಾಮಿ ಬೇಕಿತ್ತು.”

“ನೀವೇ ಹೋಗಿ ನಿಂತ್ಕಳಿ ಮಾಸ್ತರೇ,” ಎಂದೆ. “ಅಂಗಿ, ಕನ್ನಡಕ ನಾ ಹಿಡ್ಕಂತೆ.”

ಎರಡನೆಯ ಸೋಲಿನ ಮರುದಿನ ಅವಳು ಜಗಲಿಯಲ್ಲಿ ಕೂತು ಫೋನು ನೋಡುತ್ತಿದ್ದಳು. ನಾನೂ ಇಣುಕಿದೆ. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ದಿಂಬು ಕಟ್ಟಿಕೊಂಡ ದಾಂಡಿಗರು ಹಲಸಿನ ಬೀಜದ ಆಕಾರದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

“ಇದೆಂತಾ ಆಟ ಮಗಾ?”

“ಅಮೆರಿಕದ ಫುಟ್‌ಬಾಲು ಅಜ್ಜಿ.”

“ಕಾಲಲ್ಲಿ ಒದ್ಯೂದೇ ಕಾಣೂದಿಲ್ಲ. ಕೈಯಲ್ಲೇ ಹಿಡ್ಕಂಡು ಓಡ್ತ್ರಲ್ಲ.”

“ಆಟ ಬಿಡು. ಬದಿಗೆ ನಿಂತವನ್ನ ನೋಡು, ಕಿವಿಗೆ ಹೆಡ್‌ಫೋನು ಹಾಕ್ಕಂಡವ. ಅವ ಹೆಡ್ ಕೋಚು.”

ನೋಡಿದೆ. ಕಷಾಯ ಕುಡಿದು ಲೋಟ ಕೆಳಗಿಡುವ ಮೊದಲು ಇರುತ್ತದಲ್ಲ, ಅಂಥ ಮುಖ. ಅವಳು ಒಂದೊಂದೇ ಹೇಳಿದಳು. ವರ್ಷದ ಆಟ ಮುಗಿದ ಮರುದಿನವೇ ಅಲ್ಲಿ ಕೋಚುಗಳನ್ನು ಸಾಲಾಗಿ ಮನೆಗೆ ಕಳಿಸುತ್ತಾರಂತೆ. ಕೆಲವರನ್ನು ಅರ್ಧದಲ್ಲೇ ಕಳಿಸುತ್ತಾರೆ. ತನ್ನನ್ನು ತೆಗೆದದ್ದು ಟೀವಿಯಲ್ಲಿ ನೋಡಿ ತಿಳಿದವರೂ ಇದ್ದಾರಂತೆ. ಆ ಭಯಕ್ಕೆ ಆಫೀಸಿನಲ್ಲೇ ಮಲಗಿ ಏಳುತ್ತಾರಂತೆ.

“ಆದ್ರೆ ಅಜ್ಜಿ, ತೆಗದ್ರೂ ಮಾತಾಡಿದಷ್ಟು ವರ್ಷದ ಸಂಬಳ ಕೊಡ್ತ್ರು.”

“ನಿಂಗೆ ಎಂತಾ ಕೊಡ್ತ್ರು?”

“ನಂಗಾ? ಟೀ ಶರ್ಟು ತೊಳ್ದು ವಾಪಸ್ ಕೊಡೂಕೆ ಹೇಳ್ತ್ರು.”

ಅಷ್ಟು ದೂರದ, ಅಷ್ಟು ಶ್ರೀಮಂತ ದೇಶದ ಗಂಡಸರೂ ನನ್ನ ಮೊಮ್ಮಗಳ ಹಾಗೆಯೇ ಉಗುರು ಕಚ್ಚಿಕೊಂಡು ನಿಲ್ಲುತ್ತಾರೆ ಎಂದು ತಿಳಿದಾಗ, ನಿಜ ಹೇಳುತ್ತೇನೆ, ನನಗೆ ಹೆಮ್ಮೆಯೇ ಆಯಿತು.

ಸೋಲಿಗೆ ಕಾರಣ ಹುಡುಕಲು ಮಾಸ್ತರ ಕನ್ನಡಕ ಬೇಕಿರಲಿಲ್ಲ. ಮೂವರು ಮಾಲೀಕರೂ ಮ್ಯಾಟಿನ ಅಂಚಿಗೆ ಸೋಫಾ ಹಾಕಿಸಿಕೊಂಡು ಕೂತಿರುತ್ತಿದ್ದರು. ಕೋಚ್ ‘ತಡೆ’ ಎಂದರೆ ಬೋಟಿನವ ‘ನುಗ್ಗು’ ಎನ್ನುತ್ತಿದ್ದ. ಹೋಟೆಲಿನವ ‘ಬೋನಸ್ ಬೋನಸ್’ ಎಂದು ಕೂಗುತ್ತಿದ್ದ, ಬೋನಸ್ ಅಂಕ ಯಾವಾಗ ಸಿಗುತ್ತದೆ ಎಂದು ತಿಳಿಯದೆಯೇ. ಟಿಪ್ಪರಿನವನದು ಒಂದೇ ಮಾತು: “ನಮ್ಮ ಅಳಿಯನ್ನ ಕಳಿಸಿ.” ಒಂದು ಕಣ್ಣು ಎದುರಾಳಿಯ ಮೇಲೆ, ಇನ್ನೊಂದು ಸೋಫಾದ ಮೇಲೆ ಇಟ್ಟುಕೊಂಡು ಆಡುವವರ ಕಾಲು ಯಾರಿಗೆ ಸಿಗುವುದಿಲ್ಲ ಹೇಳಿ.

ಮೂರನೆಯ ಪಂದ್ಯ ಕಾರವಾರದ ತಂಡದ ಜೊತೆ ಇತ್ತು. ಅದರೊಳಗೆ ಇವಳನ್ನು ತೆಗೆಯಬೇಕೆಂದು ಮೂವರೂ ನಿಶ್ಚಯ ಮಾಡಿದರು. ಆದರೆ ಹೇಳುವವರು ಯಾರು? ಬೋಟಿನವನ ಬಲೆ ಎಳೆಯುವವರು ನಮ್ಮ ಕೇರಿಯವರೇ. ಹೋಟೆಲಿನವನಿಗೆ ಮೀನು ಹೋಗುವುದು ನಮ್ಮ ಬುಟ್ಟಿಗಳಿಂದಲೇ. ಮೂವರಲ್ಲಿ ಯಾರಿಗೂ ಧೈರ್ಯ ಸಾಲದೆ ಕಡೆಗೆ ದೇವರ ಪ್ರಸಾದ ಕೇಳುವುದೆಂದು ಮಾಡಿದರು.

ಪ್ರಸಾದ ಕೇಳುವುದು ನಮ್ಮಲ್ಲಿ ಹೊಸದಲ್ಲ. ಮದುವೆಗೆ, ಬೋಟು ನೀರಿಗಿಳಿಸಲು, ಯಾವ ಡಾಕ್ಟರ ಹತ್ತಿರ ಹೋಗಬೇಕು ಎನ್ನುವುದಕ್ಕೂ ಕೇಳುತ್ತೇವೆ. ದೇವರ ಮೂರ್ತಿಯ ಎರಡೂ ಬದಿಗೆ ನೀರಲ್ಲಿ ಅದ್ದಿದ ಹೂವಿನ ಎಸಳು ಅಂಟಿಸಿ ಪೂಜಾರಿ ಪ್ರಶ್ನೆ ಇಡುತ್ತಾನೆ. ಬಲಗಡೆಯ ಎಸಳು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಎಸಳು ಬೀಳುವವರೆಗೆ ಕೇಳಿದವರು ಏಳುವಂತಿಲ್ಲ. ನಾನೂ ಭಕ್ತಿಯಿಂದ ಎಷ್ಟೋ ಸಲ ಕೂತಿದ್ದೇನೆ. ಆದರೆ ಕೆಲಸದಿಂದ ತೆಗೆಯುವ ಚೀಟಿಗೆ ದೇವರ ಸಹಿ ಕೇಳಿದ್ದನ್ನು ಅವತ್ತೇ ನೋಡಿದ್ದು.

ಎರಡೂ ಕಡೆಯವರು ಎದುರಿಗಿರಬೇಕು ಎಂದು ಪೂಜಾರಿ ಹೇಳಿದ. ಪಂದ್ಯದ ದಿನವಾದ್ದರಿಂದ ಅವಳು ಆಟಗಾರರ ಜೊತೆ ಮೈದಾನದಲ್ಲಿದ್ದಳು. ಅವಳ ಬದಲು ನನ್ನನ್ನು ಗುಡಿಗೆ ಕರೆದರು.

“ಬಾ, ಕೂತ್ಕ,” ಎಂದ ಬೋಟಿನವ. “ನಾಳೆ ನಮ್ಮನ್ನ ದೂರೂಕಿಲ್ಲ.”

ಆಗ ಐದು ಗಂಟೆ. ಪಂದ್ಯ ಆರಕ್ಕೆ. ಹತ್ತು ನಿಮಿಷದಲ್ಲಿ ಇದನ್ನು ಮುಗಿಸಿ, ಮೈದಾನಕ್ಕೆ ಹೋಗಿ ಅವಳ ಕೊರಳಿನ ಸೀಟಿ ಬಿಚ್ಚಿಸಿ, ಅವತ್ತು ತಾವೇ ತಂಡ ಆಡಿಸುವುದು ಅವರ ಅಂದಾಜು.

ಪೂಜಾರಿ ಕೈ ಮುಗಿದ. “ದೇವರೇ, ತಂಡ ಎರಡು ಸಲ ಸೋತದೆ. ಈ ಕೋಚನ್ನ ತೆಗೀಬೇಕು ಹೇಳಿ ನಿನ್ನ ಮಕ್ಕಳ ಮನಸ್ಸಲ್ಲಿ ಅದೆ. ತೆಗೀಬೇಕಾದ್ರೆ ಬಲಗಡೆ ಕೊಡು. ಬೇಡಾದ್ರೆ ಎಡಗಡೆ ಕೊಡು.”

ಎಸಳು ಅಲುಗಲಿಲ್ಲ. ಐದೂಕಾಲಾಯಿತು, ಐದೂವರೆಯಾಯಿತು. ನಾನು ಕಣ್ಣು ಮುಚ್ಚಿ ಎಡಗಡೆ, ಎಡಗಡೆ ಎಂದು ಬೇಡುತ್ತಿದ್ದೆ.

“ಫ್ಯಾನಾದ್ರೂ ಹಾಕ್ರಾ, ಸೆಕೆ,” ಎಂದ ಹೋಟೆಲಿನವ. ಸೆಕೆ ಅವನಿಗೋ ಎಸಳಿಗೋ, ದೇವರಿಗೆ ಗೊತ್ತು. ಫ್ಯಾನು ತಿರುಗಿತು. ಎಸಳು ಅಲ್ಲೇ ಇತ್ತು.

ಆರು ಗಂಟೆಗೆ ಮೈದಾನದ ಮೈಕು ಶುರುವಾಯಿತು. ಗದ್ದೆಯಾಚೆಯೇ ಮೈದಾನ, ಒಂದೊಂದು ಮಾತೂ ಗರ್ಭಗುಡಿಯವರೆಗೆ ಕೇಳುತ್ತದೆ. ಅಂಕೋಲೆಯ ಏಳು ಆಟಗಾರರ ಹೆಸರು ಕೂಗಿದರು. ಅಳಿಯನ ಹೆಸರು ಬರಲಿಲ್ಲ. ಅವನ ಜಾಗದಲ್ಲಿ ರಾಮನಗುಳಿಯ ಕಡೆಯ ಒಬ್ಬನ ಹೆಸರು ಬಂತು.

ಟಿಪ್ಪರಿನವ ಅರ್ಧ ಎದ್ದ. “ನಮ್ಮ ಅಳಿಯನ್ನೇ ಬಿಟ್ತಲ್ಲ ಆ ಹೆಣ್ಣು.”

“ಕೂತ್ಕಳಿ,” ಎಂದ ಪೂಜಾರಿ. “ಈಗ ಎದ್ರೆ ದೇವರ ಮಾತು ಬೇಡ ಅಂದ ಹಾಗೆ.”

ಕೂತ. ಜೇಬಿನಿಂದ ಫೋನು ತೆಗೆದ. ಪೂಜಾರಿ ಗೋಡೆಯ ಮೇಲಿನ ‘ಮೊಬೈಲ್ ನಿಷೇಧ’ ಬೋರ್ಡು ತೋರಿಸಿದ. ಆ ಬೋರ್ಡು ಬರೆಸಿಕೊಟ್ಟವನು ಅವನೇ, ಕೆಳಗೆ ಅವನ ಹೆಸರೂ ಇತ್ತು.

ಆಮೇಲಿನ ಮುಕ್ಕಾಲು ಗಂಟೆಯನ್ನು ಹೇಗೆ ಹೇಳಲಿ? ಮೈಕಿನವ ಒಂದೊಂದು ಅಂಕ ಕೂಗಿದಾಗಲೂ ಮೂವರ ಗಂಟಲಿಗೆ ಮಾತು ಬಂದು ಅಲ್ಲೇ ನಿಲ್ಲುತ್ತಿತ್ತು. ಬೋಟಿನವ ‘ನುಗ್ಗು’ ಎಂದು ಕಂಬಕ್ಕೆ ಹೇಳಿದ. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಮೈದಾನದಲ್ಲಿ ಖಾಲಿ ಸೋಫಾ, ಆಟಗಾರರಿಗೆ ಕೇಳುವುದು ಒಂದೇ ಗಂಟಲು, ಅದು ನನ್ನ ಮೊಮ್ಮಗಳದು. ವಿರಾಮಕ್ಕೆ ನಮ್ಮವರು ಎಂಟು ಅಂಕ ಮುಂದಿದ್ದರು.

ಹೋಟೆಲಿನವ ಎಸಳು ನೋಡಿದ, ಫ್ಯಾನು ನೋಡಿದ. “ಫ್ಯಾನ್ ಬಂದ್ ಮಾಡ್ರಾ.”

“ಆಗ ಹಾಕಿ ಅಂದ್ರಿ, ಈಗ ಬಂದ್ ಮಾಡಿ ಅಂತ್ರಿ. ದೇವರು ನಿಮ್ಮಲ್ಲಿ ಯಾರ ಮಾತು ಕೇಳೂದು?” ಎಂದ ಪೂಜಾರಿ.

ಬೋಟಿನವ ದನಿ ತಗ್ಗಿಸಿದ. “ಪ್ರಶ್ನೆ ವಾಪಸ್ ತಗಳೂಕೆ ಬತ್ತದ್ಯಾ?”

“ಹರಾಜಲ್ಲ ಮಾರಾಯ್ರೆ ಇದು.”

ಕಡೆಯ ಸೀಟಿ ಕೇಳಿಸಿತು. ಹನ್ನೆರಡು ಅಂಕದಿಂದ ಗೆದ್ದೆವು. ಮೈದಾನದಲ್ಲಿ ಪಟಾಕಿ ಸರ ಹಚ್ಚಿದರು, ಗುಡಿಯ ಗಂಟೆಯ ನಾಲಗೆ ಕೂಡ ನಡುಗಿತು. ಆಗ ಬಿತ್ತು ಎಸಳು. ಬಲಗಡೆಯದು.

ಗೆದ್ದವಳ ಕೆಲಸ ಹೋಯಿತಲ್ಲ ಎಂದು ನನ್ನ ಕಣ್ಣಲ್ಲಿ ನೀರೇ ಬಂತು.

“ಆತು,” ಎಂದ ಪೂಜಾರಿ. “ನೀವು ಕೇಳಿದ್ದು ಕೊಟ್ಟಾತು.”

“ಇನ್ನೊಂದ್ಸಲ ಕೇಳುವಾ,” ಎಂದ ಟಿಪ್ಪರಿನವ.

“ಒಂದು ಮಾತು ಎರಡು ಸಲ ಕೇಳೂದಿಲ್ಲ. ನಿಮಗೂ ಗೊತ್ತದೆ.”

ಮೂವರ ಮುಖ ನೋಡಿದೆ. ಕಣ್ಣಲ್ಲಿ ಬಂದ ನೀರು ಅಲ್ಲೇ ನಗುವಾಯಿತು. ಮೊದಲ ಸಲ ಗೆಲ್ಲಿಸಿದ ಕೋಚನ್ನು ಇವರು ಈಗ ತಮ್ಮ ಕೈಯಾರೆ ತೆಗೆಯಬೇಕು, ಅದೂ ಇಡೀ ಅಂಕೋಲೆಯ ಮುಂದೆ.

ಮೈದಾನಕ್ಕೆ ಹೋದೆವು. ಆಟಗಾರರು ಅವಳನ್ನು ಹೆಗಲ ಮೇಲೆ ಹೊತ್ತಿದ್ದರು. ಹೇಳಲು ಮೂವರೂ ಒಬ್ಬರನ್ನೊಬ್ಬರು ಮುಂದೆ ದೂಡಿದರು. ನಾನೇ ಹೇಳಿದೆ.

“ಇಳಿ ಮಗಾ. ನಿನ್ನ ತೆಗದ್ರು.”

“ಗೆದ್ದೆವಲ್ಲ ಅಜ್ಜಿ?”

“ಇವರು ಕೇಳೂಕೆ ಕೂತದ್ದು ಗೆಲ್ಲೂಕಿಂತ ಮೊದ್ಲು.”

ಅವಳು ಇಳಿದಳು. ಸೀಟಿ ಬಿಚ್ಚಿ ಬೋಟಿನವನ ಕೈಯಲ್ಲಿಟ್ಟಳು.

ಅತ್ತ ಕಾರವಾರ ತಂಡದ ಮಾಲೀಕನಿಗೆ ಗುಡಿ, ಎಸಳು ಯಾವುದೂ ಬೇಕಾಗಿರಲಿಲ್ಲ. ಸೋತ ತನ್ನ ಕೋಚನ್ನು ಒಂದು ಎಳನೀರು ಕುಡಿದು ಮುಗಿಸುವಷ್ಟರಲ್ಲಿ ತೆಗೆದು ಆಗಿತ್ತು. ಎಳನೀರಿನ ಬುರುಡೆ ಎಸೆದು ಸೀದಾ ನಮ್ಮ ಹತ್ತಿರ ಬಂದ.

“ಬಾಯ್, ಈಗ ಖಾಲಿ ಇದ್ದಿಯಲ್ಲ. ನಾಳೆಯಿಂದ ಕಾರವಾರಕ್ಕೆ ಬತ್ತಿಯಾ?”

ಬಾಯ್ ಎಂದರೆ ಕೊಂಕಣಿಯಲ್ಲಿ ತಂಗಿ. ಅವಳು ಮೂಗು ಒರೆಸಿಕೊಂಡಳು. “ಬತ್ತೆ. ಆದ್ರೆ ಮ್ಯಾಟಿನ ಬದಿಗೆ ಮಾಲೀಕರ ಕುರ್ಚಿ ಇರೂಕಿಲ್ಲ. ಯಾರ ಅಳಿಯನೂ, ಯಾರ ತಮ್ಮನೂ ನಾ ಕರೀದೆ ಅಂಕಣಕ್ಕೆ ಇಳಿಯೂಕಿಲ್ಲ. ಬರ್ದು ಕೊಡಿ.”

ಬರೆದುಕೊಟ್ಟ. ಅವತ್ತೇ ಸೋತವನು ಏನು ಕೇಳಿದರೂ ಬರೆದುಕೊಡುತ್ತಾನೆ.

ಇನ್ನು ನಮ್ಮವರಿಗೆ ಕೋಚ್ ಇಲ್ಲ. ಕಾರವಾರದ ಕೋಚ್ ಅಲ್ಲೇ ಬ್ಯಾಗ್ ಹಿಡಿದು ನಿಂತಿದ್ದ. ಹತ್ತು ನಿಮಿಷದ ಹಿಂದೆ ಇವನಿಗೆ ಆಟ ಬರುವುದಿಲ್ಲ ಎಂದು ನಕ್ಕ ಜನರ ಎದುರೇ ಮೂವರೂ ಅವನನ್ನು ನಮ್ಮ ಕೋಚ್ ಮಾಡಿ ಹಾರ ಹಾಕಿದರು. ಹಾರ ನನ್ನ ಮೊಮ್ಮಗಳ ಗೆಲುವಿಗೆಂದು ಯಾರೋ ತಂದದ್ದು.

ಅದಾದ ಮೇಲೆ ಮೈದಾನದ ಬದಿಯ ಚಾ ಅಂಗಡಿಯಲ್ಲಿ ಇಬ್ಬರು ಕೋಚುಗಳೂ ಒಂದೇ ಬೆಂಚಿನಲ್ಲಿ ಕೂತು ಭಜಿ ತಿಂದರು. ನಾನು ನಡುವೆ.

“ಬೋಟಿನವರು ಬೈದ್ರೆ ತೊಂದ್ರೆ ಇಲ್ಲ,” ಎಂದಳು ಇವಳು. “ಹೆಗಲ ಮೇಲೆ ಕೈ ಹಾಕಿದ ದಿನ ಹುಷಾರಿ.”

“ನಮ್ಮವ್ರದ್ದು ಹಾಗಲ್ಲ,” ಎಂದ ಅವನು. “ಮನೆಗೆ ಊಟಕ್ಕೆ ಕರದ್ರೆ ಬ್ಯಾಗ್ ತುಂಬಿ ಇಟ್ಕಳಿ.”

“ನೀವು ಎಷ್ಟು ತಂಡ ನೋಡಿದ್ರಿ?” ಎಂದು ಕೇಳಿದೆ.

“ಈ ವರ್ಷನಾ ಅಜ್ಜಿ? ಇದು ಮೂರನೇದು.”

ಮರುದಿನ ಬೆಳಿಗ್ಗೆ ಮೀನುಪೇಟೆಗೆ ರಜೆ ಹಾಕಿ ಅವಳ ಜೊತೆ ಕಾರವಾರದ ಬಸ್ಸು ಹತ್ತಿದೆ. ಟಿಕೆಟ್ ಕೇಳಿದ ಕಂಡಕ್ಟರನಿಗೆ, “ಇದು ನನ್ನ ಮೊಮ್ಮಗಳು, ಕಾರವಾರ ತಂಡದ ಹೊಸ ಕೋಚು,” ಎಂದೆ. ಅವಳು ನನ್ನ ಸೆರಗು ಜಗ್ಗಿದಳು. ನಾನು ಹಿಂದಿನ ಸೀಟಿನವರಿಗೂ ಹೇಳಿದೆ. ತೋಡೂರು ದಾಟುವಷ್ಟರಲ್ಲಿ ಇಡೀ ಬಸ್ಸಿಗೆ ಗೊತ್ತಾಗಿತ್ತು. ಕಾರವಾರದ ತಂಡದಿಂದ ಯಾರನ್ನು ತೆಗೆಯಬೇಕು ಎಂದು ಡ್ರೈವರನೂ ಸೇರಿ ಎಲ್ಲರೂ ಅವಳಿಗೆ ಹೇಳಿಕೊಡುತ್ತಿದ್ದರು.