ಸೋಮುಲಮ್ಮನ ಕೂಗು

ಕಾಡಿನೊಳಗೆ ಕಾಲಿಡುವ ಮುನ್ನ ಸೋಮುಲಮ್ಮ ಅಂಚಿನ ಬಂಡೆಯ ಬಳಿ ನಿಂತು, ಬಾಯಿಗೆ ಕೈ ಹಿಡಿದು ಗಟ್ಟಿಯಾಗಿ ಕೂಗುತ್ತಿದ್ದರು. ಒಳಗಿನಿಂದ "ಇರಿ" ಎಂದು ಮರುಕೂಗು ಬಂದರೆ ಅಲ್ಲೇ ಕೂರುತ್ತಿದ್ದರು. "ಹಳ್ಳದಲ್ಲಿ ಹೆಂಗಸರು ಸ್ನಾನ ಮಾಡ್ತಿರ್ತಾರೆ ಬಾಬೂ. ಹೇಳದೆ ನುಗ್ಗೋಕಾಗುತ್ತಾ?" ಎಂದು ತೆಲುಗಿನಲ್ಲಿ ನನಗೆ ತಿಳಿಸಿ ಹೇಳಿದ್ದರು.

ನಾನು ತಲೆಯಾಡಿಸಿ, ಯಾರಿಗೂ ಹೇಳದೆ ಹಳ್ಳದ ದಾರಿಯ ಮರಗಳಿಗೆ ಹದಿನಾಲ್ಕು ಕ್ಯಾಮರಾ ಕಟ್ಟಿದೆ. ವಿಶಾಖಪಟ್ಟಣದ ಆಫೀಸಿನಲ್ಲಿ ನಾನು ವನ್ಯಜೀವಿ ಡೇಟಾ ತಜ್ಞ. ಬೆಟ್ಟದ ಮೇಲಿನ ಅವರ ಆದಿವಾಸಿ ಊರಿನಲ್ಲಿ ನನಗೆ ದಾರಿ ತೋರಿಸುತ್ತಿದ್ದವರೇ ಸೋಮುಲಮ್ಮ. ಆ ಕ್ಯಾಮರಾಗಳಿಗೆ ಚಿರತೆ ಒಂದೇ ಸಲ ಬಾಲ ತೋರಿಸಿತು. ಉಳಿದದ್ದೆಲ್ಲ ಕಾಡುಗೆಣಸು ಅಗೆಯುವ ಹೆಂಗಸರು. ತಜ್ಞನಾದ ನಾನು ಅವರನ್ನು 'ಅಡಚಣೆ' ಎಂಬ ಫೋಲ್ಡರಿಗೆ ಹಾಕಿದೆ.

ವಿಜಯವಾಡದಲ್ಲಿ ನಡೆದ ಅರಣ್ಯ ಇಲಾಖೆಯ ಸಭೆಗೆ ಸೋಮುಲಮ್ಮನನ್ನೂ ಊರಿನ ಪ್ರತಿನಿಧಿಯೆಂದು ಕರೆದೊಯ್ದೆ. ವರದಿಯ ಮುಖಪುಟಕ್ಕೆ ಒಳ್ಳೆಯ ಫೋಟೊ ಸಿಗುತ್ತದೆಂಬ ಆಸೆ ನನ್ನದು. ಗೋಡೆಯಗಲದ ಪರದೆಯ ಮೇಲೆ ಅವರ ಸೊಸೆ ಒದ್ದೆ ಸೀರೆಯಲ್ಲಿ ಬುಟ್ಟಿ ಹೊತ್ತು ಕಾಣಿಸಿಕೊಂಡಳು. "ಇಷ್ಟು ಜನ ಓಡಾಡ್ತಾರಾ? ಆ ದಾರಿ ಮುಚ್ಚಬೇಕಲ್ಲ ಹಾಗಾದ್ರೆ" ಎಂದರು ಅಧಿಕಾರಿಯೊಬ್ಬರು. ನಾನು ಉತ್ಸಾಹದಿಂದ ಮುಂದಿನ ಸ್ಲೈಡ್ ಒತ್ತಿದೆ.

ಸೋಮುಲಮ್ಮ ಎದ್ದು ನಿಂತರು. "ನಮ್ಮ ಹುಡುಗಿ ಚಿತ್ರ ತೋರಿಸಿ ನಮ್ಮ ದಾರಿನೇ ಮುಚ್ತೀರಾ? ಅವಳನ್ನ ಕೇಳಿದ್ರಾ? ಆ ಚಿತ್ರ ಯಾರದು ಬಾಬೂ?"

"ಸರ್ವರ್‌ನಲ್ಲಿದೆ" ಎಂದೆ. ಅಷ್ಟು ಪೆದ್ದು ಉತ್ತರ ನಾನು ಶಾಲೆಯಲ್ಲೂ ಕೊಟ್ಟಿರಲಿಲ್ಲ.

ಮನೆಗೆ ಬಂದು ಹೇಳಿದರೆ ಧಾರವಾಡದ ನನ್ನ ಹೆಂಡತಿ, "ಮಂದಿ ಹಿತ್ತಲದಾಗ ಹೇಳದ ಕೇಳದ ಕ್ಯಾಮರಾ ಇಟ್ಟು ಬಂದೀರಿ, ಮ್ಯಾಲ ತಜ್ಞರು ಬ್ಯಾರೆ" ಎಂದಳು.

ಆಮೇಲೆ ಮೇಲಿನವರ ಬೆನ್ನು ಹತ್ತಿ, ಚಿತ್ರಗಳನ್ನೆಲ್ಲ ಊರಿಗೇ ಒಪ್ಪಿಸಿ, ನಮ್ಮ ಪ್ರತಿಗಳನ್ನು ಅಳಿಸಿದೆ. ಊರವರು ಒಪ್ಪದೆ ಈಗ ಅವನ್ನು ಯಾರೂ ನೋಡುವಂತಿಲ್ಲ. ದಾರಿ ತೆರೆದೇ ಇದೆ. ಚಿತ್ರಗಳಿದ್ದ ಮೆಮೊರಿ ಕಾರ್ಡುಗಳನ್ನು ಕೊಟ್ಟಾಗ ಸೋಮುಲಮ್ಮ, "ಇಷ್ಟು ಚಿಕ್ಕದರಲ್ಲಿ ನಾವೆಲ್ಲ ಇದೀವಾ?" ಎಂದು ನಕ್ಕು, ಸೆರಗಿಗೆ ಗಂಟು ಹಾಕಿಕೊಂಡರು.

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಡೇಟಾ ತಜ್ಞನ ಬಳಿ ಅವರ ಒಂದು ಚಿತ್ರವೂ ಇಲ್ಲ. ಬಾಯಿಗೆ ಕೈ ಹಿಡಿದು ಕೂಗುತ್ತಿರುವ ಒಂದು ಚಿತ್ರ, ಆ ಕಾರ್ಡುಗಳನ್ನಿಟ್ಟ ಊರಿನ ಪೆಟ್ಟಿಗೆಯಲ್ಲಿದೆ. ಅದನ್ನು ಕೇಳೋಣವೆಂದು ಮೊನ್ನೆ ಹೋದೆ. ಪೆಟ್ಟಿಗೆ ನೋಡಿಕೊಳ್ಳುವ ಸೊಸೆ ಹಳ್ಳಕ್ಕೆ ಹೋಗಿದ್ದಾಳೆ ಎಂದರು ಊರವರು.

ಬಂಡೆಯ ಬಳಿ ಹೋದೆ. ಅವರಿಲ್ಲದ ಆ ಜಾಗ ನೋಡಿ ಅಳು ಬಂತು. ಬಾಯಿಗೆ ಕೈ ಹಿಡಿದು ಕೂಗಿದೆ. ಕೋಳಿಮರಿಯಷ್ಟು ಸದ್ದು ಹೊರಟಿತು. ಇನ್ನೊಮ್ಮೆ, ಗಟ್ಟಿಯಾಗಿ ಕೂಗಿದೆ.

ಒಳಗಿನಿಂದ ಸೊಸೆಯ ದನಿ ಬಂತು: "ಇರಿ!"

ಬಂಡೆಯ ಮೇಲೆ ಕೂತೆ.