ಸವತಿಯ ಪಾಲು

ಇವತ್ತು ಬೆಳಿಗ್ಗೆ ಬಸ್ಸಾರು ಮಾಡೋಣ ಅಂತ ಹುರುಳಿಕಾಳು ಬೇಯೋಕಿಟ್ಟಿದ್ದೆ. ಕುಕ್ಕರಿನ ಮುಚ್ಚಳ ತೆಗೆದದ್ದೇ ತಡ, ಹಬೆ ಮುಖಕ್ಕೆ ಬಡಿಯಿತು. ಬೆಂದ ಹುರುಳಿಯ ವಾಸನೆ ಎಲ್ಲರಿಗೂ ಹಿಡಿಸೋದಿಲ್ಲ, ನನ್ನ ಮಗಳು ಮೂಗು ಮುಚ್ಚಿಕೊಂಡು ಓಡುತ್ತಾಳೆ. ನಾನು ಮಾತ್ರ ಸೌಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. "ಏನೇ, ಒಲೆ ಮುಂದೆ ಧ್ಯಾನ?" ಅಂದರು ನಮ್ಮ ಯಜಮಾನರು. "ಕುಂಬಾರಕೊಪ್ಪಲಿನ ದೊಡ್ಡಮ್ಮ ಬಂದ್ರು," ಅಂದೆ. ಅವರು ಪಾಪ ಬಾಗಿಲ ಕಡೆ ತಿರುಗಿ ನೋಡಿದರು. ಆಮೇಲೆ ಅವರಿಗೆ ಅರ್ಥವಾಯಿತು. ದೊಡ್ಡಮ್ಮ ಹೋಗಿ ಎರಡು ದಸರಾ ಕಳೆದಿವೆ.

ಈಗ ನಾವಿರೋದು ರಾಮಕೃಷ್ಣನಗರದಲ್ಲಿ. ಮದುವೆಯಾದ ಹೊಸದರಲ್ಲಿ ಕುಂಬಾರಕೊಪ್ಪಲಿನ ಬಾಡಿಗೆ ಮನೆಯಲ್ಲಿದ್ದೆವು. ದೊಡ್ಡಮ್ಮ ನಮ್ಮ ಪಕ್ಕದ ಮನೆಯವರು. ರಕ್ತಸಂಬಂಧವೇನೂ ಇಲ್ಲ, ಕರೆದು ಕರೆದು ದೊಡ್ಡಮ್ಮ ಆದವರು. ಅವರ ಯಜಮಾನರು, ಅಂದರೆ ದೊಡ್ಡಪ್ಪ, ಅರಮನೆ ಸುತ್ತ ಪ್ರವಾಸಿಗಳನ್ನು ಕೂರಿಸಿಕೊಂಡು ಟಾಂಗಾ ಓಡಿಸುತ್ತಿದ್ದರು. ಮಕ್ಕಳಿರಲಿಲ್ಲ. ಹಿತ್ತಲಲ್ಲಿ ಶೀಟು ಹೊದಿಸಿದ ಸಣ್ಣ ಲಾಯ, ಅದರಲ್ಲಿ ಮಲ್ಲಿ ಅಂತ ಒಂದು ಬಿಳಿ ಹೆಣ್ಣು ಕುದುರೆ. ಎರಡು ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ ಅಷ್ಟೆ. ಬಟ್ಟೆ ಒಣಹಾಕೋಕೆ ಹೋದರೆ ಆ ಮನೆಯ ಸಂಸಾರವೆಲ್ಲ ಕಾಣುತ್ತಿತ್ತು. ಕಂಡದ್ದನ್ನು ನೋಡದೆ ಒಳಗೆ ಬರುವಷ್ಟು ಸಾಧ್ವಿ ನಾನಲ್ಲ.

ಮೊದಲ ದಿನವೇ ದೊಡ್ಡಮ್ಮ ಗೋಡೆಯಾಚೆಯಿಂದ ಪರಿಚಯ ಮಾಡಿಕೊಟ್ಟಿದ್ದರು. "ಇದು ಮನೆ, ಅದು ಬಚ್ಚಲು, ಅಲ್ಲಿ ನಿಂತವ್ಳಲ್ಲ, ಅವ್ಳು ನನ್ ಸವತಿ ಕಣೇ." ನಾನು ಗಾಬರಿಯಾಗಿ ಯಾವ ಹೆಂಗಸು ಅಂತ ಹುಡುಕಿದೆ. ಕುದುರೆ ಬಾಲ ಬೀಸಿಕೊಂಡು ನಿಂತಿತ್ತು.

ತಮಾಷೆಗೆ ಅಂದದ್ದಲ್ಲ ಅದು. ದೊಡ್ಡಮ್ಮನ ಹೊಟ್ಟೆಯುರಿ ನಿಜವಾದದ್ದು. ದೊಡ್ಡಪ್ಪ ಮನೆಯೊಳಗೆ ಮಾತೇ ಆಡದ ಆಸಾಮಿ. ಊಟಕ್ಕೆ ಕೂತರೆ "ಹೂಂ," ಎದ್ದರೆ "ಹೂಂ." ಲಾಯಕ್ಕೆ ಹೋದರೋ, ಮುಗಿಯಿತು! ಮೈ ಉಜ್ಜುತ್ತಾ ಆ ದಿನ ಗಾಡಿ ಹತ್ತಿದವರ ಕಥೆ, ಆಟೋದವರ ಜಗಳ, ಮಂಡಿನೋವು, ಎಲ್ಲಾ ಆ ಕುದುರೆಗೆ ಒಪ್ಪಿಸುತ್ತಿದ್ದರು. ಯುಗಾದಿಯ ಮೊದಲ ಹೋಳಿಗೆ ಕುದುರೆಗೆ. ಆಯುಧಪೂಜೆಯ ದಿನ ಮಾರು ಮಾರು ಮಲ್ಲಿಗೆ ಕುದುರೆಯ ಕೊರಳಿಗೆ, ಉಳಿದ ಗೇಣು ಹೂವು ದೊಡ್ಡಮ್ಮನ ಮುಡಿಗೆ. "ಕಟ್ಕೊಂಡೋಳು ಕಡೇ ತನಕ, ಇಟ್ಕೊಂಡೋಳು ಇರೋ ತನಕ ಅಂತಾರೆ. ನೋಡೇ ಬುಡ್ತೀನಿ," ಅಂತ ಗೊಣಗಿಕೊಂಡೇ ದಿನಾ ಬೆಳಿಗ್ಗೆ ಸೌದೆ ಒಲೆ ಮೇಲೆ ಆ ಸವತಿಗೆ ಹುರುಳಿ ಬೇಯಿಸುತ್ತಿದ್ದರು. ಟಾಂಗಾ ಮಾತ್ರ ಒಂದು ದಿನವೂ ಹತ್ತಲಿಲ್ಲ. ಮಾರ್ಕೆಟ್ಟಿಗೆ ಹೋಗೋದಾದರೂ ನಡೆದೇ. "ಅವ್ಳು ಎಳ್ಕೊಂಡು ಓಗೋ ಗಾಡೀಲಿ ನಾನು ಕೂರ್ತೀನಾ? ಥೂ!"

ಆದರೆ ಕಣ್ಣು ಮಾತ್ರ ಯಾವಾಗಲೂ ಅದರ ಮೇಲೇ. ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಾ ನನಗೆ ವರದಿ ಒಪ್ಪಿಸುತ್ತಿದ್ದರು. "ಇವತ್ತು ಮಾರಾಣಿಗೆ ಮುನಿಸು. ಕಣ್ಣಿನ ಮೇಲೆ ನೆರಿಗೆ ಬಿದ್ದದೆ ನೋಡು." ಎರಡು ಕಿವಿಯೂ ಹಿಂದಕ್ಕೆ ಅಂಟಿದರೆ ಸಿಟ್ಟಂತೆ. ಕೆಳತುಟಿ ಜೋತುಬಿದ್ದರೆ ನೆಮ್ಮದಿಯಂತೆ. ಒಂದು ಕಿವಿ ಆ ಕಡೆ, ಒಂದು ಕಿವಿ ಈ ಕಡೆ ಮಾಡಿದರೆ, "ನನ್ ಮಾತೇ ಕೇಳ್ತಾವ್ಳೆ, ಕಳ್ಳಿ!" ಅಷ್ಟೆಲ್ಲ ಹೇಗೆ ಗೊತ್ತು ದೊಡ್ಡಮ್ಮ ಅಂತ ಕೇಳಿದರೆ ನನ್ನನ್ನೇ ದಡ್ಡಿಯ ಹಾಗೆ ನೋಡುತ್ತಿದ್ದರು.

ಒಂದು ಬೆಳಿಗ್ಗೆ ದೊಡ್ಡಪ್ಪ ಗಾಡಿ ಹೂಡುತ್ತಾ ಹೂಡುತ್ತಾ ಎದೆ ಹಿಡಿದುಕೊಂಡು ಕುಸಿದರು. ಬಿದ್ದದ್ದು ಕುದುರೆಯ ಮುಂಗಾಲ ಹತ್ತಿರ. ನಾವೆಲ್ಲ ಓಡಿಹೋಗುವ ತನಕ ಮಲ್ಲಿ ಒಂದು ಹೆಜ್ಜೆ ಎತ್ತಿಡಲಿಲ್ಲ. ಬೆನ್ನ ಹಿಂದೆ ಗಾಡಿ, ಕಾಲ ಕೆಳಗೆ ಮನುಷ್ಯ. ಮೈಯೆಲ್ಲ ನಡುಗುತ್ತಿತ್ತು, ಪಾದ ಮಾತ್ರ ನೆಲಕ್ಕೆ ಮೊಳೆ ಹೊಡೆದ ಹಾಗೆ. ದೊಡ್ಡಮ್ಮ ಅವತ್ತು ಅಳಲಿಲ್ಲ. ಮಣ್ಣಿಗೆ ಹೋಗಿಬಂದ ಮೇಲೂ ಅಳಲಿಲ್ಲ. ಬೀದಿಯ ಹೆಂಗಸರು ಕಲ್ಲೆದೆ ಅಂತ ಆಡಿಕೊಂಡರು.

ತಿಥಿಯ ಹಿಂದಿನ ದಿನ ಮನೆ ತೊಳೆಯೋದು ನಮ್ಮ ಕಡೆ ರೂಢಿ. ಹೋದವರ ಬಟ್ಟೆ, ಹಾಸಿಗೆ ಎಲ್ಲಾ ಕೊಟ್ಟುಬಿಡುತ್ತಾರೆ, ಕೊಡೋಕಾಗದ್ದನ್ನು ಒಗೆದು ಒಣಹಾಕುತ್ತಾರೆ. ನೆಂಟರು ಸೊಂಟ ಕಟ್ಟಿ ನಿಂತರು. ಖಾಕಿ ಕೋಟು ಹೋಯಿತು, ಕಂಬಳಿ ಹೋಯಿತು. ಕುದುರೆಯ ಮೂತಿಗೆ ಹುರುಳಿ ಕಟ್ಟುತ್ತಿದ್ದ ಹಳೇ ಚೀಲವನ್ನೂ ಸುಟ್ಟರು. ಲಾಯಕ್ಕೆ ಫಿನಾಯಿಲು ಸುರಿದರು. ಕೊನೆಗೆ ಕುದುರೆಗೂ ಸೋಪು ಹಚ್ಚಿ, ಅರಿಶಿನದ ನೀರು ಹುಯ್ದು ಮೀಸಿದರು. ಎಲ್ಲವನ್ನೂ ಶ್ರದ್ಧೆಯಿಂದಲೇ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ದೊಡ್ಡಮ್ಮ ಒಂದೇ ಒಂದನ್ನು ಉಳಿಸಿಕೊಂಡದ್ದನ್ನು ಗೋಡೆಯ ಈಚೆಯಿಂದ ನಾನು ನೋಡಿದೆ. ದೊಡ್ಡಪ್ಪ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಕೆಂಪು ಚೌಕಳಿಯ ಟವೆಲನ್ನು ಮಡಿಸಿ ಸೆರಗಿನೊಳಗೆ ತುರುಕಿಕೊಂಡು ಒಳಗೆ ಹೋದರು. ನನ್ನನ್ನು ನೋಡಿ ಬಾಯಿ ಮೇಲೆ ಬೆರಳಿಟ್ಟರು.

ಅದುವರೆಗೆ ಕುದುರೆ ಅಷ್ಟೋ ಇಷ್ಟೋ ಮೇವು ಮುಟ್ಟುತ್ತಿತ್ತು. ಮೀಸಿದ ಮಾರನೇ ದಿನದಿಂದ ಬಾಯಿ ಕಟ್ಟಿತು. ಹುಲ್ಲೂ ಬೇಡ, ಬೂಸವೂ ಬೇಡ, ಬೆಲ್ಲ ಕೊಟ್ಟರೂ ಬೇಡ. ಗೇಟಿನ ಕಡೆ ಮುಖ ಮಾಡಿ ನಿಂತದ್ದು ನಿಂತೇ ಇತ್ತು. ಯಾರಾದರೂ ಕೆಮ್ಮಿದರೆ ಕಿವಿ ಚಟ್ಟನೆ ಎದ್ದು, ಮತ್ತೆ ಬಿದ್ದುಹೋಗುತ್ತಿತ್ತು. ಪಕ್ಕೆಲುಬು ಕಾಣೋಕೆ ಶುರುವಾಯಿತು. ದನದ ಆಸ್ಪತ್ರೆಯ ಡಾಕ್ಟರು ಬಂದು ಹೊಟ್ಟೆ, ಹಲ್ಲು, ಜ್ವರ ಎಲ್ಲಾ ನೋಡಿದರು. ಒಳ್ಳೆಯ ಮನುಷ್ಯ. ಅದರ ಕುತ್ತಿಗೆ ಸವರುತ್ತಾ, "ಕಾಯಿಲೆ ಇಲ್ಲಮ್ಮಾ, ಇದು ದುಃಖ. ಜೊತೆಗೆ ಯಾರಾದ್ರೂ ಇರಿ. ಅವ್ರದ್ದು ಅಂತ ಏನಾದ್ರೂ ಇದ್ರೆ ಹತ್ರ ಇಡಿ. ಹೀಗೇ ಬಿಟ್ರೆ ಉಳಿಯಲ್ಲ," ಅಂದರು. ಅವರದ್ದು ಅಂತ ಇನ್ನೇನಿತ್ತು? ಎಲ್ಲಾ ತೊಳೆದು ಕೂತಿದ್ದೆವಲ್ಲ! ದೊಡ್ಡಮ್ಮ ತುಟಿ ಬಿಗಿಹಿಡಿದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅದೇ ವಾರ ಬನ್ನಿಮಂಟಪದಿಂದ ಅವರ ಮೈದುನ ಬಂದ. ಮದುವೆ ಮೆರವಣಿಗೆಗೆ ಕುದುರೆ ಒದಗಿಸೋ ಕೆಲಸ ಅವನದ್ದು. ಕೆಟ್ಟವನೇನಲ್ಲ, ಅಣ್ಣನ ಕುದುರೆ ಕೊಟ್ಟಿಗೇಲಿ ಸಾಯೋದು ಬೇಡ ಅಂತಲೇ ಬಂದಿದ್ದ. "ನಂಗೆ ಕೊಟ್ಬುಡಿ ಅತ್ತಿಗೆ. ಬ್ಯಾಂಡು, ಪಟಾಕಿ, ಜನ ಅಂತ ನಾಲ್ಕು ದಿನ ಓಡಾಡಿದ್ರೆ ತಾನೇ ಸರಿಯಾಯ್ತದೆ. ಮೊಂಡಾಟ ಮಾಡಿದ್ರೆ ಎರಡು ಬಿಗಿದ್ರಾಯ್ತು." ದೊಡ್ಡಮ್ಮ ಮುಖ ಆ ಕಡೆ ತಿರುಗಿಸಿ, "ತಗೊಂಡು ಓಗಪ್ಪ. ನನ್ ಸವತಿ ತೊಲಗ್ಲಿ," ಅಂದುಬಿಟ್ಟರು. ನಾನೂ ಗೋಡೆ ಸುತ್ತಿಕೊಂಡು ಹಿತ್ತಲಿಗೆ ಬಂದೆ.

ಅವನು ಹಗ್ಗ ಹಾಕಿದ. ಕುದುರೆ ಕತ್ತು ಕೊಡವಲಿಲ್ಲ, ಕಾಲು ಕೆದರಲಿಲ್ಲ. ಹೊಸ ಮನುಷ್ಯ ಎಳೆದ ಕಡೆ ಮಂಕಾಗಿ ನಡೆಯಿತು. "ನೋಡಿ ಅತ್ತಿಗೆ, ಎಷ್ಟು ಸಾಧು!" ಅಂತ ಅವನು ನಕ್ಕ. ನನಗೂ ಹಾಗೇ ಕಂಡಿತ್ತು.

ಮೆಟ್ಟಿಲ ಮೇಲಿದ್ದ ದೊಡ್ಡಮ್ಮ ಎದ್ದು ನಿಂತರು. "ಸಾಧು ಅಲ್ಲ ಕಣಪ್ಪ ಅದು. ಎದ್ರಿ ಎದ್ರಿ ಒಳಗೇ ಸತ್ತೋಗ್ತಾವ್ಳೆ. ಮೂಗಿನ ಹೊಳ್ಳೆ ನೋಡು, ಎಂಗೆ ಬಿಗಿದದೆ. ಕಿವಿ ನೋಡು, ಯಾವ ಕಡೇಗೂ ತಿರುಗ್ತಿಲ್ಲ. ಸಿಟ್ಟು ಬಂದ್ರೆ ಒದ್ದಾಳು, ಕಚ್ಚಾಳು. ಏನೂ ಮಾಡ್ತಿಲ್ಲ ಅಂದ್ರೆ ಆಸೇನೇ ಬುಟ್ಬುಟ್ಟವ್ಳೆ." ಮೈದುನ ನಗುತ್ತಲೇ, "ಕುದುರೆ ಮನಸು ನಿಮ್ಗೇನು ಗೊತ್ತು ಅತ್ತಿಗೆ? ಒಂದಿನ ಮುಟ್ದೋರಲ್ಲ," ಅಂದ.

"ಇಷ್ಟು ವರ್ಷ ದಿನಾ ನೋಡಿದೀನಿ ಕಣೋ. ಸವತಿ ಮುಖ ನೋಡ್ದಂಗೆ ಹೆಂಗಸು ಗಂಡನ ಮುಖಾನೂ ನೋಡಿರಲ್ಲ. ಹಗ್ಗ ಬುಡು."

ಅವನು ಬಿಟ್ಟ. ಎರಡು ದಿನ ನೋಡ್ತೀನಿ, ಆಗಲೂ ತಿನ್ನದಿದ್ದರೆ ಬಂದು ಹೊಡೆದುಕೊಂಡು ಹೋಗ್ತೀನಿ ಅಂತ ಹೇಳಿಹೋದ. ಅದು ಬೆದರಿಕೆಯಲ್ಲ, ಅವನಿಗೂ ಅದರ ಪಕ್ಕೆಲುಬು ಕಾಣುತ್ತಿತ್ತು.

ದೊಡ್ಡಮ್ಮ ಒಂದು ಮಣೆ ತಗೊಂಡು ಹೋಗಿ ಲಾಯದಲ್ಲಿ ಕೂತರು. ಮುದ್ದು ಮಾಡೋದು ಅವರಿಗೆ ಗೊತ್ತೇ ಇರಲಿಲ್ಲ, ಗೊತ್ತಿದ್ದದ್ದು ಬೈಯೋದು. ಬೈದರು. ಅಯ್ಯೋ ಶಿವನೇ, ಏನು ಬೈಗುಳ! "ನಿಂಗೊಬ್ಳಿಗೇ ಸಂಕಟ ಅಂದ್ಕೊಂಡಿದ್ದೀಯೇನೇ? ನಂಗೇನು ಹಬ್ಬವಾ? ಬೆಳಗ್ಗೆ ಎದ್ರೆ ನಿನ್ ಹತ್ರ ಓಡೋರು, ನನ್ ಮಂಡಿನೋವು ಒಂದಿನ ಕೇಳಿದ್ರಾ? ಅವ್ರ ಮಂಡಿನೋವು ನಿಂಗೆ ಮೊದ್ಲು ಗೊತ್ತಾಗ್ತಿತ್ತು, ನಂಗಲ್ಲ. ಅವ್ರಿಗೆ ಏನೇನು ಆಸೆ ಇತ್ತು, ಏನೇನು ಭಯ ಇತ್ತು, ಎಲ್ಲಾ ನಿನ್ ಹೊಟ್ಟೇಲಿ ಅದೆ. ನೀನೂ ಓಗ್ಬುಟ್ರೆ ನಾನ್ಯಾರನ್ನ ಕೇಳ್ಲೇ?"

ನಾನು ಒಗೆದ ಬಟ್ಟೆ ತೆಗೆಯೋ ನೆಪದಲ್ಲಿ ಗೋಡೆ ಹತ್ತಿರ ನಿಂತಿದ್ದೆ. ಸಂಜೆ ಬಿಸಿಲು ಶೀಟಿನ ತೂತಿನಿಂದ ಕುದುರೆಯ ಬೆನ್ನ ಮೇಲೆ ಬಿದ್ದಿತ್ತು. ಮಲ್ಲಿಯ ಒಂದು ಕಿವಿ ನಿಧಾನವಾಗಿ ದೊಡ್ಡಮ್ಮನ ಕಡೆ ತಿರುಗಿತು. ಅದನ್ನು ಕಂಡದ್ದೇ ದೊಡ್ಡಮ್ಮನ ಬೈಗುಳ ನಿಂತುಹೋಯಿತು. ಎದ್ದು ಮನೆಯೊಳಗೆ ಹೋದರು, ಬರುವಾಗ ಕೈಯಲ್ಲಿ ಆ ಟವೆಲಿತ್ತು. ತಲೆದಿಂಬಿನ ಅಡಿಯಿಂದ ತಂದದ್ದು ಅಂತ ಆಮೇಲೆ ನನಗೆ ಹೇಳಿದರು. ದಿನಾ ಅದಕ್ಕೆ ಮುಖ ಹುದುಗಿಸಿಕೊಂಡೇ ಮಲಗುತ್ತಿದ್ದರಂತೆ. ಕುದುರೆಯ ಹತ್ತಿರ ಇಟ್ಟರೆ ಜೊಲ್ಲಲ್ಲಿ, ಧೂಳಲ್ಲಿ ಆ ವಾಸನೆ ಎಷ್ಟು ದಿನ ಉಳಿದೀತು, ಅವರಿಗೆ ಗೊತ್ತಿರಲಿಲ್ಲವೇ?

"ಹಾಳಾದೋಳೇ… ಇದೂ ನಿಂಗೇ ಬೇಕಾ?" ಅಂದರು. ಟವೆಲಿನ ಅಂಚನ್ನು ಹಲ್ಲಲ್ಲಿ ಕಚ್ಚಿ, ಪರ್ರನೆ ನಡುವಿಗೆ ಹರಿದರು. "ಪಾಲು ಅಂದ್ರೆ ಪಾಲು. ಅರ್ಧ ನಿಂದು, ಅರ್ಧ ನಂದು."

ಮಲ್ಲಿ ಆ ತುಂಡಿಗೆ ಮೂಗು ತಂದಿತು. ಮೂಸಿತು, ಮತ್ತೆ ಮೂಸಿತು. ಮೇಲ್ದುಟಿ ಎತ್ತಿ, ಕತ್ತು ಚಾಚಿ ಹಾಗೇ ನಿಂತುಕೊಂಡಿತು. ಆಮೇಲೆ ಎದೆಯ ಆಳದಿಂದ ಒಂದು ಸಣ್ಣ ದನಿ ಹೊರಡಿಸಿತು. ದೊಡ್ಡಪ್ಪ ಗೇಟು ತೆಗೆದಾಗ ಮಾಡುತ್ತಿದ್ದ ದನಿ ಅದು. ದೊಡ್ಡಮ್ಮ ಅದರ ಕೊರಳಿಗೆ ಜೋತುಬಿದ್ದು ಹೋ ಅಂತ ಅತ್ತರು. ಗಂಡ ಸತ್ತ ಮೇಲೆ ಅತ್ತದ್ದು ಅದೇ ಮೊದಲು. ಕುದುರೆ ಅಲುಗಾಡದೆ ನಿಂತಿತ್ತು, ದೊಡ್ಡಪ್ಪ ಬಿದ್ದ ದಿನ ನಿಂತ ಹಾಗೇ. ಅತ್ತು ಮುಗಿದ ಮೇಲೆ ಅವರ ಅಂಗೈಯಿಂದ ಬೆಂದ ಹುರುಳಿ ತಿಂದಿತು… ಒಂದು ಹಿಡಿ, ಆಮೇಲೆ ಇನ್ನೊಂದು. ಈಚೆ ನಾನು ಒಣಗಿದ ಲಂಗದಲ್ಲೇ ಮುಖ ಒರೆಸಿಕೊಂಡೆ.

ಅರ್ಧ ಟವೆಲನ್ನು ಲಾಯದಲ್ಲಿ ಮಲ್ಲಿ ಹುರುಳಿ ತಿನ್ನುವ ಕಲ್ಲುಬಾನಿಯ ಪಕ್ಕದ ಕಂಬಕ್ಕೆ ಕಟ್ಟಿದರು. ಇನ್ನರ್ಧ ದಿಂಬಿನ ಅಡಿ ಹೋಯಿತು. ಗಾಡಿಯನ್ನು ಮಾರಿಬಿಟ್ಟರು. ಕುದುರೆಯನ್ನು ಮೈದುನನೂ ಮತ್ತೆ ಕೇಳಲಿಲ್ಲ, ಬದಲಿಗೆ ಆಗಾಗ ಹುಲ್ಲಿನ ಹೊರೆ ತಂದು ಹಾಕುತ್ತಿದ್ದ. ದುಡಿಯದ ಕುದುರೆಗೆ ಹುರುಳಿ ದಂಡ ಅಂತ ಬೀದಿಯವರು ನಕ್ಕರೆ, "ನೀವೆಲ್ಲಾ ದುಡ್ದೇ ತಿಂತಿದ್ದೀರಾ?" ಅಂತ ದೊಡ್ಡಮ್ಮ ಬಾಯಿ ಮುಚ್ಚಿಸುತ್ತಿದ್ದರು. ಸಂಜೆ ಹೊತ್ತು ಇಬ್ಬರೂ ವಾಕಿಂಗ್ ಹೊರಡೋರು. ಹಗ್ಗ ಹೆಸರಿಗಷ್ಟೆ, ಸಡಿಲವಾಗಿ ಜೋತಾಡುತ್ತಿತ್ತು. ದಾರಿಯುದ್ದಕ್ಕೂ ದೊಡ್ಡಮ್ಮನ ಬೈಗುಳ, ಒಂದು ಕಿವಿ ಅವರ ಕಡೆ ತಿರುಗಿಸಿಕೊಂಡು ಪಕ್ಕದಲ್ಲಿ ಆ ಮುದಿ ಕುದುರೆ. "ಸವತಿ ಎಂಗವ್ಳೆ ದೊಡ್ಡಮ್ಮ?" ಅಂತ ನಾನು ರೇಗಿಸಿದರೆ, "ಅವ್ಳಿಗೇನು ಧಾಡಿ," ಅನ್ನೋರು. ಆ ಮಾತಿನಲ್ಲಿ ಎಷ್ಟು ಅಕ್ಕರೆ ಇತ್ತು ಅಂತ ನನಗೆ ಅರ್ಥವಾದದ್ದು ಆಮೇಲೆ.

ಮಲ್ಲಿಗೆ ವಯಸ್ಸಾಗಿತ್ತು, ಒಂದು ಚಳಿಗಾಲ ಮಲಗಿದ್ದು ಏಳಲಿಲ್ಲ. ಪರಿಚಯದವರ ಹೊಲದಲ್ಲಿ ಗುಂಡಿ ತೆಗೆಸಿದರು. ನಾವು ಆಗಲೇ ರಾಮಕೃಷ್ಣನಗರಕ್ಕೆ ಬಂದಿದ್ದೆವು, ಸುದ್ದಿ ತಿಳಿದು ಓಡಿಹೋದೆ. ಮಣ್ಣು ಹಾಕೋಕೆ ಮುಂಚೆ ದೊಡ್ಡಮ್ಮ ಸೊಂಟದಿಂದ ಟವೆಲಿನ ತುಂಡು ತೆಗೆದು ಕುದುರೆಯ ಮೂತಿಯ ಮೇಲೆ ಹೊದಿಸಿದರು. ಬಾನಿಯ ಹತ್ತಿರ ಕಟ್ಟಿದ್ದ ತುಂಡೇ ಅಂದುಕೊಂಡೆ. ಇನ್ಯಾವುದು ಅಂದುಕೊಳ್ಳಲಿ?

ಮುಂದಿನ ದಸರಾ ಹೊತ್ತಿಗೆ ದೊಡ್ಡಮ್ಮನೂ ಹೋದರು. ಹೆಂಗಸರು ಸೀರೆ ಉಡಿಸುತ್ತಿದ್ದಾಗ ನಾನು ಸುಮ್ಮನೆ ಅವರ ಕೋಣೆಗೆ ಹೋಗಿ ದಿಂಬಿನ ಅಡಿ ಕೈಹಾಕಿದೆ. ದೊಡ್ಡಪ್ಪನ ಟವೆಲು ಅವರ ಜೊತೆಗೇ ಹೋಗಲಿ, ತೊಳೆಯೋರ ಕೈಗೆ ಸಿಗೋದು ಬೇಡ ಅಂತ. ತುಂಡು ಸಿಕ್ಕಿತು. ಅದರ ಅಂಚೆಲ್ಲ ಹಲ್ಲಿನಿಂದ ಜಗಿದು ಜಗಿದು ಚಿಂದಿಯಾಗಿತ್ತು. ನೂಲಿನಲ್ಲಿ ಬಿಳಿ ಕೂದಲು ಸಿಕ್ಕಿಕೊಂಡಿತ್ತು. ಮೂಗಿನ ಹತ್ತಿರ ತಂದೆ… ಬೆಂದ ಹುರುಳಿಯ ವಾಸನೆ.

ದೊಡ್ಡಪ್ಪನ ವಾಸನೆ ಇದ್ದ ತನ್ನ ಪಾಲನ್ನು ಸವತಿಯ ಜೊತೆ ಮಣ್ಣಿಗೆ ಕಳಿಸಿ, ಸವತಿಯ ಪಾಲನ್ನು ದೊಡ್ಡಮ್ಮ ತಲೆದಿಂಬಿಗೆ ಇಟ್ಟುಕೊಂಡಿದ್ದರು.

ಅದನ್ನು ಮಡಿಸಿ ಅವರ ಅಂಗೈಯೊಳಗೆ ಇಟ್ಟು ಬೆರಳು ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಇವತ್ತು ಕುಕ್ಕರಿನ ಮುಂದೆ ನಿಂತಾಗ ಬಂದದ್ದು ಅದೇ ವಾಸನೆ. ಒಂದು ಹಿಡಿ ಕಾಳು ಬಸಿದು ಅಂಗೈಯಲ್ಲಿ ಹಿಡಿದುಕೊಂಡೆ. "ತಿನ್ನೇ, ಹಾಳಾದೋಳೇ," ಅಂತ ಬಾಯಿಗೆ ಬಂತು. ಕಾಳು ಕೈಯಲ್ಲೇ ಆರಿಹೋಯಿತು. ಬೈಯೋರೂ ಇಲ್ಲ, ಕಿವಿ ತಿರುಗಿಸೋರೂ ಇಲ್ಲ…